ಚುಕ್ಕೆ ಹಲಗೆ

"ಒಂದು ಕಲೆ ಅಳಿಸಿದ್ರೆ ಹಲಗೆ ಮೇಲೆ ಒಂದು ಚುಕ್ಕೆ ಇಡು. ನಾಳೆ ಇಟ್ರಾಯ್ತು ಅನ್ಬೇಡ. ಅವತ್ತಿಂದು ಅವತ್ತೇ," ಎಂದು ಕನ್ನಡಕದಜ್ಜ ಮೂರನೆಯ ಸಲ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಯಾಕಜ್ಜ, ಹಲಗೆಗೂ ಮೊಡವೆ ಬೇಕಂತಾ?"

ಅಜ್ಜ ನಗಲಿಲ್ಲ. ಆ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಜನರ ಮುಖದ ಮಚ್ಚೆ, ಮೊಡವೆ, ಗಾಯದ ಗುರುತುಗಳನ್ನು ಕುಂಚದ ತುದಿಯಲ್ಲಿ ಮಾಯ ಮಾಡಿದ್ದವನು ಅವನು. ಟಚಿಂಗ್ ಕೆಲಸ ಎನ್ನುತ್ತಿದ್ದರು ಅದನ್ನು. ಈಗ ಕಣ್ಣು ಮಂಜಾಗಿ ಕೆಲಸ ಬಿಡುತ್ತಿದ್ದ. ಅವನ ಕೊನೆಯ ದಿನವೇ ಅವಳ ಮೊದಲ ದಿನ. ಒಂದು ಕಡೆ ಕತ್ತಲೆ ಕೋಣೆಯ ಬಾಗಿಲು, ಇನ್ನೊಂದು ಕಡೆ ಪಾಚಿ ಹಿಡಿದ ಗೋಡೆ, ನಡುವೆ ಇಳಿಜಾರಾದ ಒಂದು ಹಳೆಯ ಮೇಜು. ಫೋಟೋ ತೊಳೆಯುವ ಔಷಧದ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.

ಹಲಗೆ ಮೇಜಿನ ಬಲಕ್ಕೆ ಒರಗಿಕೊಂಡಿತ್ತು. ಅದರ ಮೇಲೆ ಒಂದು ಹೆಣ್ಣಿನ ಮುಖದ ಗೆರೆ. ಕಣ್ಣಿಲ್ಲ, ಬಾಯಿಲ್ಲ. ಗೆರೆಯೊಳಗೆ ಎಷ್ಟು ಚುಕ್ಕೆ ಬಿದ್ದಿದ್ದವೆಂದರೆ ಮುಖ ಪೂರಾ ಕಪ್ಪಾಗಿತ್ತು. ಅವಳು ಬೆರಳಾಡಿಸಿದಳು. ತರಿತರಿಯಾಗಿತ್ತು. ಅದೇನೋ ಬೆಚ್ಚಗೂ ಇತ್ತು.

"ಮಕ್ಕಳಿದ್ದಾರಾ ನಿನಗೆ?" ಅಜ್ಜ ಕೇಳಿದ.

"ಒಬ್ಳು. ಎರಡೂವರೆ ವರ್ಷ."

ಅಜ್ಜ ಮುಂಗಟ್ಟಿನ ಕಡೆಗಿದ್ದ ಪರದೆಯತ್ತ ನೋಡಿದ. ದನಿ ಇಳಿಸಿದ. "ಹಾಗಿದ್ರೆ ಈ ಕೆಲಸಾನೇ ಬೇಡ ತಾಯಿ. ಬೇಕೇ ಬೇಕು ಅಂದ್ರೆ ಹಲಗೆ ಒಂದು ಬಿಡಬೇಡ."

ಪರದೆಯಾಚೆ ಯಜಮಾನ ಕೆಮ್ಮಿದ. ಅಜ್ಜ ಬಾಯಿ ಮುಚ್ಚಿ, ಛತ್ರಿ ತೆಗೆದುಕೊಂಡು, ಯಾರಿಗೂ ಹೋಗಿಬರುತ್ತೇನೆಂದೂ ಹೇಳದೆ ಹೊರಟುಹೋದ.

ಅವಳ ಹೆಸರು ಏನೇ ಇರಲಿ, ಮನೆಯಲ್ಲಿ ಸಿಡುಕಿ. ಹೆತ್ತಮ್ಮನೇ ಇಟ್ಟದ್ದು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು. ಆದರೆ ಕೈ ಮಾತ್ರ ಚಿನ್ನದಂಥದ್ದು. ಒಂದೇ ಕೂದಲಿನ ಕುಂಚ ಕೊಟ್ಟರೂ ರೆಪ್ಪೆಗೂದಲು ಬಿಡಿಸುತ್ತಿದ್ದಳು. ಅಂಥವಳಿಗೆ, ಮಾಡಿದ ಕೆಲಸದ ಲೆಕ್ಕವನ್ನು ಮರದ ತುಂಡಿಗೆ ಒಪ್ಪಿಸಬೇಕು ಎಂದರೆ ಮೈ ಉರಿಯದೇ ಇರುತ್ತದೆಯೇ? ಎರಡು ದಿನ ಚುಕ್ಕೆ ಇಟ್ಟಳು. ಮೂರನೆಯ ದಿನ ಬೇಸತ್ತಳು. ಹಲಗೆಯಿಂದ ಬೇರೆ ಎಣ್ಣೆ ಕಾಣದ ತಲೆಗೂದಲಿನ ವಾಸನೆ ಬರುತ್ತಿತ್ತು.

"ಥೂ, ಏನು ಗಲೀಜು ಇದು," ಎಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಮೂವತ್ತೊಂದು ವರ್ಷದ ಚುಕ್ಕೆಗಳು ಮಸಿನೀರಾಗಿ ಬಚ್ಚಲಿಗೆ ಹರಿದವು. ಮುಖದ ಗೆರೆಯೂ ಹೋಯಿತು. ನೀರು ಹೋದ ಮೇಲೂ ಬಚ್ಚಲ ತೂತು ಗುಟುಗುಟು ಅನ್ನುತ್ತಲೇ ಇತ್ತು. ಒಣಗಿದ ಹಲಗೆಯನ್ನು ಫೋಟೋದ ಅಂಚು ಕತ್ತರಿಸಲು ಇಟ್ಟುಕೊಂಡಳು.

ಯಜಮಾನ ಒಳಬಂದವನು ಅದನ್ನು ನೋಡಿದ. ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದು, ಮೇಜಿನ ಮೇಲೆ ಒಟ್ಟಿದ್ದ ಕೆಲಸವನ್ನು ನೋಡಿ, ಸುಮ್ಮನೆ ಹೊರಗೆ ಹೋದ. ಸುಮ್ಮನೆ! ಆ ಸುಮ್ಮನಿರುವಿಕೆಯನ್ನು ನೆನಪಿಟ್ಟುಕೊಳ್ಳಿ.

ನಾಲ್ಕನೆಯ ದಿನ ಮಗಳು ಪುಟ್ಟಿಯ ಬಲಗೆನ್ನೆಯ ಮೇಲೆ ಕೆಂಪಗೆ ಒಂದು ಚುಕ್ಕೆ ಎದ್ದಿತು. ಸೊಳ್ಳೆ ಇರಬೇಕು ಎಂದುಕೊಂಡರು. ಮರುದಿನ ನಾಲ್ಕಾದವು. ವಾರಕ್ಕೆ ಕೆನ್ನೆ, ಗಲ್ಲ, ಹಣೆ ಎಲ್ಲ ಕೆಂಪು ಗಂಧೆ. ಮಗು ಕೆರೆದುಕೊಂಡು ಕೆರೆದುಕೊಂಡು ನೀರು ಒಸರುವ ಹಾಗೆ ಮಾಡಿಕೊಂಡಿತು. ಅದರ ಎರಡೂ ಕೈಗೆ ಕಾಲುಚೀಲ ಹಾಕಿ ಮಣಿಕಟ್ಟಿಗೆ ದಾರ ಕಟ್ಟಬೇಕಾಯಿತು. ಕಟ್ಟಿದ ಕೈಯನ್ನೇ ಮುಖಕ್ಕೆ ಉಜ್ಜಿಕೊಳ್ಳುತ್ತ, "ಅಮ್ಮಾ, ಉವ್ವಾ... ಉವ್ವಾ..." ಎಂದು ಅಳುತ್ತಿತ್ತು.

ಮಕ್ಕಳ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ಜೊಲ್ಲಿನಿಂದ ಆಗಿರಬಹುದು, ಸೋಪಿನಿಂದ ಆಗಿರಬಹುದು ಎಂದು ಮುಲಾಮು ಬರೆದುಕೊಟ್ಟರು. ಸೋಪು ಬಿಟ್ಟರು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಮುಖ ಒರೆಸಿದರು. ದಿಂಬಿನ ಚೀಲ ದಿನಾ ಕುದಿಸಿದರು. ಮೊಟ್ಟೆ ಬಿಟ್ಟರು, ಹಾಲು ಬಿಟ್ಟರು. ಎರಡನೆಯ ಮುಲಾಮು, ಮೂರನೆಯ ಮುಲಾಮು. ಹಚ್ಚಿದಾಗ ಒಂದು ದಿನ ತಣ್ಣಗಾಗಿ, ಮಾರನೆಯ ದಿನ ದುಪ್ಪಟ್ಟಾಗಿ ಬರುತ್ತಿತ್ತು. ಬೀದಿಯಲ್ಲಿ ಹೋಗುವವರಿಗೆಲ್ಲ ಬಾಯಿ. ಪಕ್ಕದ ಮನೆಯವಳು, "ಅಯ್ಯೋ, ನೀವು ಸ್ವಲ್ಪ ಚೊಕ್ಕವಾಗಿ ಇಟ್ಕೋಬೇಕಿತ್ತು ಕಣ್ರೀ," ಎಂದಾಗ ಸಿಡುಕಿ ಅವಳ ಮುಖಕ್ಕೇ ಬಾಗಿಲು ಹಾಕಿದಳು. ಬೇರೆ ಊರಲ್ಲಿ ಲಾರಿ ಓಡಿಸುತ್ತಿದ್ದ ಗಂಡನಿಗೆ ಪ್ರಾಣವೆಲ್ಲ ಮಗಳ ಮೇಲೇ. "ಒಂದು ಮಗೂನ ನೋಡ್ಕೊಳೋಕಾಗಲ್ವಾ?" ಎಂದು ಫೋನಿನಲ್ಲಿ ಕೂಗಾಡಿದ. ಇವಳೂ ಕೂಗಾಡಿ ಫೋನಿಟ್ಟಳು.

ಉಳಿದ ಸಿಟ್ಟೆಲ್ಲ ಅಮ್ಮನ ಮೇಲೆ. ಹಗಲೆಲ್ಲ ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

"ಏನು ತಿನ್ನಿಸ್ದೆ ಹೇಳು. ಏನು ಹಚ್ಚಿದೆ?"

"ಏನೂ ಇಲ್ಲ ಕಣೇ."

"ಮೂರು ಹೊತ್ತೂ ಎತ್ಕೊಂಡೇ ಇರ್ತೀಯ, ಕೆನ್ನೆ ಉಜ್ಜಿ ಉಜ್ಜಿನೇ ಹೀಗಾಗಿರೋದು. ನನ್ನನ್ನ ಒಂದಿನ ಹೀಗೆ ಎತ್ಕೊಂಡಿದ್ದೀಯಾ ನೀನು?"

ಅಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗುಂಡಿ ಹೊಲಿದು ಬೆನ್ನು ಬಾಗಿಸಿಕೊಂಡವಳು. ಮಗಳನ್ನು ಪಕ್ಕದವರ ಪಡಸಾಲೆಯಲ್ಲಿ ಕೂರಿಸಿ ಕೆಲಸಕ್ಕೆ ಓಡಿದವಳು. ಸಿಡುಕಿ ಅದನ್ನು ಯಾವತ್ತೂ ಮರೆತಿರಲಿಲ್ಲ, ಸಿಕ್ಕಾಗಲೆಲ್ಲ ಚುಚ್ಚದೆ ಬಿಡುತ್ತಿರಲಿಲ್ಲ.

ಆ ದಿನ ಹನ್ನೊಂದು ಗಂಟೆಗೆ ಒಬ್ಬ ಬೇಕರಿಯವನ ಫೋಟೋ ಮೇಜಿಗೆ ಬಂತು. ಎಡಗಿವಿಯ ಕೆಳಗೆ ಅರ್ಧಚಂದ್ರದ ಹಾಗೆ ಒಂದು ಸುಟ್ಟ ಗಾಯ, ತುದಿ ಸೀಳಿತ್ತು. ಅಪರೂಪದ ಗುರುತು. ಅಳಿಸಲು ಅರ್ಧ ಗಂಟೆ ಹಿಡಿಯಿತು. ಊಟಕ್ಕೆ ಮನೆಗೆ ಹೋದಾಗ ಪುಟ್ಟಿ ಅಜ್ಜಿಯ ಹೆಗಲ ಮೇಲೆ ಮಲಗಿತ್ತು. ಅವಳು ಬಗ್ಗಿ ನೋಡಿದಳು.

ಎಡಗಿವಿಯ ಕೆಳಗೆ ಕೆಂಪು ಅರ್ಧಚಂದ್ರ. ತುದಿ ಸೀಳಿತ್ತು.

ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಈಗ ಗುರುತು ಹತ್ತಿತು. ಮೂಗಿನ ಪಕ್ಕದ ಜೋಡಿ ಗಂಟು, ಹೋದ ವಾರದ ಪೋಸ್ಟ್‌ಮನ್ನನದು. ಗಲ್ಲದ ಗೀರು, ಒಬ್ಬ ಮದುಮಗನದು. ಹುಬ್ಬಿನ ಮೇಲಿನ ಸಾಲು, ಪಾಠ ಹೇಳುವ ಮೇಡಮ್ಮನದು. ಅಷ್ಟೂ ಅವಳ ಕೈಯಿಂದಲೇ ಹೋದವು. ಅಷ್ಟೂ ಇಲ್ಲಿಗೆ ಬಂದಿದ್ದವು.

ಆದರೂ ನಂಬುವ ಜಾತಿಯಲ್ಲ ಅವಳು. ನಂಬದವರ ಕೇಡೇ ಅದು, ಖಾತ್ರಿ ಮಾಡಿಕೊಳ್ಳಬೇಕು ಅವರಿಗೆ. ಸ್ಟುಡಿಯೋಗೆ ಓಡಿದಳು. ಬಾಕಿ ಇದ್ದ ಒಂದು ಫೋಟೋ ಎಳೆದುಕೊಂಡಳು. ಯಾರೋ ಮುದುಕಿ, ಹಣೆಯ ನಡುವೆ ಮೂರು ಮಚ್ಚೆ. ಒಂದೇ ಒಂದನ್ನು ಅಳಿಸಿದಳು. ಕುಂಚ ಬಿಸಾಕಿ ಓಡಿದಳು. ಮಧ್ಯಾಹ್ನದ ಬಿಸಿಲು. ರಸ್ತೆ ದಾಟಿದಳು. ಸೈಕಲ್ಲಿನವನು ಬೈದ. ಮೆಟ್ಟಿಲು. ಬಾಗಿಲು. ಮಗು ಆಗಲೇ ಅರಚುತ್ತಿತ್ತು. ಅಮ್ಮ ಗಾಬರಿಯಾಗಿ ನಿಂತಿದ್ದಳು.

"ಈಗಷ್ಟೇ ಕಣೇ! ನಾನು ನೋಡ್ತಾ ಇದ್ದ ಹಾಗೇ ಎದ್ದು ಬಂತು!"

ಹಣೆಯ ನಡುವೆ, ಹೊಸದು. ಒಂದು. ಒಂದೇ ಒಂದು. ಅವಳೇ ಹಾಕಿದ್ದು.

ಅವಳು ಮತ್ತೆ ಸ್ಟುಡಿಯೋಗೆ ಬಂದಾಗ ಓಡಲಿಲ್ಲ. ನೇರ ಒಳಗೆ ಹೋಗಿ ಯಜಮಾನನ ಅಂಗಿಯ ಕತ್ತುಪಟ್ಟಿ ಹಿಡಿದು, ಅವನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಬಂದು, ಬರೀ ಹಲಗೆಯನ್ನು ಅವನ ಮುಖದ ಮುಂದೆ ಹಿಡಿದಳು.

"ನೋಡಿದ್ರಿ ನೀವು. ತೊಳೆದಿದ್ದನ್ನ ಕಣ್ಣಾರೆ ನೋಡಿದ್ರಿ. ಯಾಕೆ ಬಾಯಿಬಿಡ್ಲಿಲ್ಲ?"

"ಅಮ್ಮಾ, ಮೊದ್ಲು ಕೈ ತೆಗಿ..."

"ಯಾಕೆ ಬಾಯಿಬಿಡ್ಲಿಲ್ಲ!"

ಅವನು ಕುಸಿದು ಸ್ಟೂಲಿನ ಮೇಲೆ ಕೂತ. ಹೇಳಿದ. ಅವನಪ್ಪನ ಕಾಲದಲ್ಲಿ ಕೆನ್ನೆಯ ಮೇಲೆ ಅಂಗೈಯಗಲ ನೇರಳೆ ಮಚ್ಚೆ ಇದ್ದ ಒಬ್ಬ ಹುಡುಗಿ ಫೋಟೋ ತೆಗೆಸಲು ಬಂದಳಂತೆ. ದೂರದ ಊರಿನ ಗಂಡಿಗೆ ಕಳಿಸಲು. ಅಪ್ಪ ಅವಳನ್ನು ಕೇಳದೆ ಮಚ್ಚೆ ಅಳಿಸಿ ಕೊಟ್ಟ. ಗಂಡು ಒಪ್ಪಿ ಬರಹೇಳಿದ. ಅವಳು ಪೆಟ್ಟಿಗೆ ಹಿಡಿದು ರೈಲಿಳಿದಾಗ, ಅವನು ಕೈಯಲ್ಲಿದ್ದ ಫೋಟೋ ನೋಡಿದ, ಅವಳನ್ನು ನೋಡಿದ, ಬೆನ್ನು ತಿರುಗಿಸಿ ಹೋದ. ಅವಳು ಅದೇ ರೈಲಿಗೆ ವಾಪಸು ಬಂದು, ಈ ಮೇಜಿನ ಮುಂದೆ ನಿಂತು, ತಲೆಗೂದಲು ಕಿತ್ತು, ಮೇಜಿನ ಅಡಿಗೆ ಇಟ್ಟು ಏಳು ಮೊಳೆ ಹೊಡೆದಳು. ಮಾಟ ಮಾಡುವುದನ್ನು ಎಲ್ಲಿ ಕಲಿತಳೋ ಯಾರಿಗೂ ಗೊತ್ತಿಲ್ಲ. ಅಳಿಸುವ ಕೈಗೆ ಯಾವ ಮುಖದ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯೋ, ಆ ಮುಖದ ಮೇಲೆ ಅಳಿಸಿದ್ದೆಲ್ಲ ಕೂರಲಿ ಎಂದಳು.

"ಅಪ್ಪ ಕಾಲು ಹಿಡ್ಕೊಂಡ. ಕೊನೆಗೆ ಹಲಗೆ ಮೇಲೆ ತನ್ನ ಮುಖ ಬರೆದುಕೊಟ್ಲು. 'ಅಳಿಸಿದ್ದನ್ನೆಲ್ಲ ನನಗೇ ಕೊಡಿ, ನಿಮ್ಮಂಥವರು ಕೊಡೋದು ನನಗೇನು ಹೊಸದಲ್ಲ' ಅಂದ್ಲಂತೆ. ನೀನು ಅದನ್ನೇ ತೊಳೆದುಬಿಟ್ಟೆ."

ಸಿಡುಕಿ ಮೇಜಿನ ಅಡಿಗೆ ಕೈ ಹಾಕಿದಳು. ತಣ್ಣನೆ ಮೊಳೆ. ಏಳು. ಅವುಗಳ ನಡುವೆ ಮೃದುವಾಗಿ, ಒದ್ದೆಯಾಗಿ, ಕೂದಲು. ಹಿಡಿದು ಎಳೆದಳು.

"ಕೀಳಬೇಡ!" ಯಜಮಾನ ಚೀರಿದ. "ಅಪ್ಪ ಒಂದ್ಸಲ ಕಿತ್ತು ಸುಟ್ಟ. ಮಾರನೇ ದಿನ ಹಾಗೇ ಇತ್ತು. ಅವತ್ತೇ ನನ್ನ ತಂಗಿಯ ಎರಡೂ ಕಣ್ಣು ಊದಿ ಮುಚ್ಚಿಹೋದವು. ಮತ್ತೆ ತೆರೀಲೇ ಇಲ್ಲ."

ಅವಳು ಕೈ ಬಿಟ್ಟಳು. ಬೆರಳಿಗೆ ಆ ಕೂದಲ ವಾಸನೆ ಅಂಟಿತ್ತು.

"ನನ್ನ ಮಗು ಮುಖದಿಂದ ಅದು ಹೋಗೋದು ಹೇಗೆ?"

ಅವನು ತೊದಲಿದ. ಮಗುವಿನ ಫೋಟೋ ತೆಗೆಯಬೇಕು. ಇದೇ ಮೇಜಿನ ಮೇಲೆ ಬೇರೆ ಯಾರಾದರೂ ಅದನ್ನು ಅಳಿಸಬೇಕು. ಅಳಿಸಿದ್ದು ಆ ಅಳಿಸಿದವರ ಪ್ರೀತಿಯ ಮುಖಕ್ಕೆ ಹೋಗುತ್ತದೆ. ತಾಯಿಯೇ ಅಳಿಸಿದರೆ ಅದೇ ಮಗುವಿಗೆ ಎರಡರಷ್ಟು.

"ಸರಿ. ನೀವೇ ಅಳಿಸಿ," ಎಂದಳು ಸಿಡುಕಿ. ಕುಂಚ ತೆಗೆದು ಅವನ ಮುಷ್ಟಿಯೊಳಗೆ ತುರುಕಿದಳು. "ಅದಕ್ಕೇ ತಾನೆ ಇಷ್ಟು ವರ್ಷ ಕುಂಚ ಮುಟ್ಟದೆ, ಬೇರೆಯವರ ಕೈಲಿ ಮಾಡಿಸ್ಕೊಂಡು ಹೊಟ್ಟೆ ಹೊರೆದಿದ್ದು? ಈಗ ಹಿಡೀರಿ. ಹಿಡೀರಿ ಅಂದೆ!"

ಪರದೆ ಸರಿಯಿತು. ಅವನ ಮೊಮ್ಮಗಳು. ಶಾಲೆಯ ಚೀಲ ಇನ್ನೂ ಬೆನ್ನ ಮೇಲಿತ್ತು. ತುಟಿಯ ಮೇಲೆ ಬ್ರೆಡ್ಡಿನ ಪುಡಿ. "ಆಂಟಿ, ನಿಮ್ ಪಾಪುಗೆ ವಾಸಿ ಆಯ್ತಾ?" ಎಂದಿತು.

ಸಿಡುಕಿಗೆ ಹಲ್ಲು ಕಡಿಯುವಷ್ಟು ಸಿಟ್ಟು. ಆದರೂ ಆ ಹುಡುಗಿಯ ನುಣ್ಣನೆಯ ಕೆನ್ನೆ ನೋಡುತ್ತ ನೋಡುತ್ತ ಯಜಮಾನನ ಮುಷ್ಟಿಯಿಂದ ಕುಂಚ ಕಿತ್ತುಕೊಂಡಳು.

"ಇನ್ನೂ ಇಲ್ಲ ಕಂದ," ಎಂದಳು.

ಮನೆಗೆ ಹೋಗಿ ಅಮ್ಮನ ಮುಂದೆ ಎಲ್ಲವನ್ನೂ ಕಕ್ಕಿದಳು. ಅಮ್ಮ ಕೇಳಿಸಿಕೊಂಡಳು. ನಂಬಿದಳು. ಗಂಡನ ಕೈಲಿ ಅಳಿಸುವ ಹಾಗಿಲ್ಲ, ಅವನಿಗೂ ಮಗುವೇ ಪ್ರಾಣ. ಗೊತ್ತಿಲ್ಲದ ಯಾರನ್ನೋ ಕರೆದರೆ ಇನ್ನೊಂದು ಮನೆಯ ಮಗು. ಉಳಿದವಳು ಅಮ್ಮ ಒಬ್ಬಳೇ. ಅಮ್ಮ ಮೊಮ್ಮಗಳ ಕಾಲುಚೀಲ ಹಾಕಿದ ಕೈ ಹಿಡಿದು ತಲೆಯಾಡಿಸಿದಳು.

"ನನ್ನ ಕೈಲಾಗಲ್ಲ. ಬೇರೆ ದಾರಿ ನೋಡು."

"ಗೊತ್ತಿತ್ತು," ಎಂದಳು ಸಿಡುಕಿ ಕಹಿಯಾಗಿ. "ನೀನು ಮುಟ್ಟಿದ್ರೆ ಮತ್ತೆ ಇದರ ಮುಖಕ್ಕೇ ಬರುತ್ತೆ. ಇವಳನ್ನ ಬಿಟ್ಟು ಇನ್ಯಾರಿದ್ದಾರೆ ನಿನಗೆ?"

ಅಮ್ಮ ಎದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಪುಟ್ಟಿಯ ಬಲಗಣ್ಣಿನ ರೆಪ್ಪೆ ಊದಿಕೊಂಡು ತೆರೆಯಲಾಗದೆ ಅಂಟಿಕೊಂಡಿತ್ತು. ಡಾಕ್ಟರು ಈ ಸಲ ಭೂತಗನ್ನಡಿ ಕೆಳಗಿಟ್ಟರು. ಕಣ್ಣಿನ ಹತ್ತಿರ ಬಂದಿದೆ, ದೊಡ್ಡಾಸ್ಪತ್ರೆಗೆ ಇವತ್ತೇ ಹೋಗಿ ಎಂದು ಚೀಟಿ ಬರೆದರು. ಯಜಮಾನನ ತಂಗಿಯ ಕಣ್ಣು ಸಿಡುಕಿಗೆ ನೆನಪಾಯಿತು. ಡಾಕ್ಟರ ಮೆಟ್ಟಿಲ ಮೇಲೆಯೇ ಅವಳು ಅಮ್ಮನ ಮೇಲೆ ಎಗರಿದಳು.

"ಇದರ ಕಣ್ಣು ಹೋದ್ರೂ ಸರಿ, ನಿನ್ನ ಕೈ ಮಾತ್ರ ಕೊಳೆ ಆಗಬಾರದು ಅಲ್ವಾ? ಒಂದ್ಸಲ ಅಳಿಸಿ ನೋಡೋಕೆ ಏನು ಧಾಡಿ ನಿನಗೆ? ಹೇಗಿದ್ರೂ ಇದಕ್ಕೇ ಬರುತ್ತೆ ಅಂತ ಭಯಾನಾ?"

"ಅಯ್ಯೋ ಹುಚ್ಚೀ!" ಅಮ್ಮ ಮೊದಲ ಸಲ ದನಿಯೆತ್ತಿದಳು. ಮೆಟ್ಟಿಲು ಹತ್ತುತ್ತಿದ್ದವರು ನಿಂತು ನೋಡಿದರು. "ಇದಕ್ಕೆ ಬರಲ್ಲ ಕಣೇ! ನಿನಗೆ ಬರುತ್ತೆ! ನನಗೆ ಗೊತ್ತು ಅದು ಯಾರ ಮೇಲೆ ಬೀಳುತ್ತೆ ಅಂತ. ಅದಕ್ಕೇ ಆಗಲ್ಲ ಅಂದಿದ್ದು!"

ಸಿಡುಕಿ ಮಗುವನ್ನು ಎದೆಗೆ ಒತ್ತಿಕೊಂಡು ಅಮ್ಮನ ಮೊಣಕೈ ಹಿಡಿದಳು.

"ನಡಿ. ಅಳಿಸು."

ಯಜಮಾನ ಪುಟ್ಟಿಯ ಫೋಟೋ ತೆಗೆದ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ, ಔಷಧದ ತಟ್ಟೆಯೊಳಗೆ ಬಿಳಿ ಕಾಗದ ತೇಲಿತು. ಸಿಡುಕಿ ಬಗ್ಗಿ ನೋಡಿದಳು. ಮೊದಲು ಚುಕ್ಕೆಗಳು ಬಂದವು. ಮುಖ ಆಮೇಲೆ ಬಂತು.

ಹಿಂದಿನ ಕೋಣೆಯ ಮೇಜಿನ ಮುಂದೆ ಅಮ್ಮ ಕೂತಳು. ಇಪ್ಪತ್ತಾರು ವರ್ಷ ಸೂಜಿ ಹಿಡಿದ ಬೆರಳು, ಕುಂಚ ಹಿಡಿಯಲು ಕಲಿಸಬೇಕಾಗಲಿಲ್ಲ. ಸಿಡುಕಿ ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ಎದುರಿಗೆ ಕೂತಳು. ಯಜಮಾನ ಬಾಗಿಲಿಗೆ ಬೆನ್ನು ಹಚ್ಚಿ ನಿಂತ. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಕಣ್ಣಿನ ಹತ್ತಿರದ್ದು ಮೊದಲು," ಎಂದಳು ಸಿಡುಕಿ.

ಅಮ್ಮ ಕುಂಚ ತಾಗಿಸಿದಳು.

ನಲ್ಲಿ ನಿಂತಿತು. ಮೇಜಿನಡಿ ಏನೋ ಸರಿದಾಡಿತು. ಕೂದಲ ವಾಸನೆ ಕೋಣೆಯ ತುಂಬ ಎದ್ದಿತು. ಯಾರೋ ಕಿವಿಯ ಹತ್ತಿರ ಉಸಿರೆಳೆದುಕೊಂಡರು. ಸಿಡುಕಿ ಮಗುವಿನ ಮುಖವನ್ನೇ ನೋಡುತ್ತಿದ್ದಳು. ಎರಡು ಆಗಬಾರದು. ದೇವರೇ, ಎರಡು ಆಗಬಾರದು. ಊದಿದ ರೆಪ್ಪೆ ಅದುರಿತು. ಇಳಿಯಿತು. ಇನ್ನೂ ಇಳಿಯಿತು. ಕಣ್ಣು ತೆರೆಯಿತು.

ಆಮೇಲೆ ಅವಳ ಬಲಗಣ್ಣಿಗೆ ಕೆಂಡ ಇಟ್ಟ ಹಾಗಾಯಿತು.

ಅವಳು ಕಿರುಚಲಿಲ್ಲ. ಕಿರುಚಿದ್ದು ಅಮ್ಮ. ಕುಂಚ ಬಿಸಾಡಲು ಹೋದಳು.

"ನಿಲ್ಲಿಸಬೇಡ."

"ಆಗಲ್ಲ ಮಗಳೇ..."

"ನಿಲ್ಲಿಸಿದ್ರೆ ನೋಡು! ಅಳಿಸು ಅಂದೆ!"

ಅಮ್ಮ ಅಳಿಸಿದಳು. ಅಳುತ್ತ ಅಳಿಸಿದಳು. ಒಂದು. ಪುಟ್ಟಿಯ ಹಣೆ ತಿಳಿಯಾಯಿತು, ಇವಳ ಹಣೆ ಒಡೆಯಿತು. ಇನ್ನೊಂದು. ಅರ್ಧಚಂದ್ರ ಅಲ್ಲಿ ಮಾಯ. ಇಲ್ಲಿ ಹತ್ತಿಕೊಂಡು ಉರಿಯಿತು. ಕೆನ್ನೆ. ಗಲ್ಲ. ಮೂಗು. ಒಂದೊಂದು ಚುಕ್ಕೆಯೂ ಸೂಜಿಯಾಗಿ ಇಳಿಯಿತು. ಒಂದೊಂದಕ್ಕೂ ಸಿಡುಕಿಗೆ ತನ್ನ ಬಾಯಿಂದ ಬಂದ ಒಂದೊಂದು ಮಾತು ನೆನಪಾಯಿತು. ಎತ್ಕೊಂಡಿದ್ದೀಯಾ ನೀನು? ಇನ್ಯಾರಿದ್ದಾರೆ ನಿನಗೆ? ಸಿಟ್ಟು ಬಂತು ಅವಳಿಗೆ, ಕುದಿಯುವಂಥ ಸಿಟ್ಟು. ಅಮ್ಮನ ಮೇಲಲ್ಲ. ಇದೊಂದು ತಿಳಿಯಲು ಇಷ್ಟು ದೂರ ಬರಬೇಕಾದ ತನ್ನ ಮೇಲೆ.

ಕೊನೆಯ ಚುಕ್ಕೆ ಹೋದಾಗ ನಲ್ಲಿ ಮತ್ತೆ ತೊಟ್ಟಿಕ್ಕಿತು.

ಯಜಮಾನ ಗಂಟಲು ಸರಿಮಾಡಿಕೊಂಡ. "ಏನೂ ಯೋಚನೆ ಮಾಡಬೇಡಮ್ಮ. ಟಚಿಂಗ್‌ಗೆ ಹೊಸಬರು ಯಾರಾದ್ರೂ ಬಂದೇ ಬರ್ತಾರೆ. ನಿನ್ನ ಫೋಟೋ ಅವರ ಕೈಗೆ ಕೊಟ್ಟು..."

ಅವಳು ಅವನತ್ತ ತಿರುಗಿದಳು. ಒಂದು ಕಣ್ಣು ಆಗಲೇ ಮುಚ್ಚಿತ್ತು. ಆ ಮುಖ ನೋಡಿ ಅವನ ಮಾತು ಅಲ್ಲೇ ಸತ್ತಿತು.

"ತೆಗೀರಿ ನನ್ನ ಫೋಟೋ," ಎಂದಳು. "ತೆಗೆದು ಮುಂದಿನ ಗಾಜಿನ ಕಪಾಟಲ್ಲಿ ಹಾಕಿ. ಬರೋ ಹೋಗೋರೆಲ್ಲ ನೋಡಲಿ. ಕೆಲಸಕ್ಕೆ ಅಂತ ಬರೋರು ಮೊದಲು ಇದನ್ನ ನೋಡಲಿ. ದಿನಾ ಬಂದು ನೋಡ್ತೀನಿ. ಅದರ ಮೇಲಿಂದ ಒಂದೇ ಒಂದು ಚುಕ್ಕೆ ಹೋಗಿದ್ರೂ ನನ್ನ ಮುಖವೇ ನನಗೆ ಹೇಳುತ್ತೆ. ಅವತ್ತು ನಿಮ್ಮ ಕೈ ಹಿಡಿದು ಈ ಮೇಜಿನ ಮುಂದೆ ಕೂರಿಸ್ತೀನಿ. ಅವತ್ತು ಯಾವ ಮಗು ಪರದೆ ಸರಿಸಿದ್ರೂ ನೋಡಲ್ಲ."

ಅವನು ತೆಗೆದ. ಹಾಕಿದ. ಅಂಗಡಿಯ ಮುಂದೆ ಮೊದಲು ನಿಂತು ನೋಡಿದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮುಂದೆ ಹೋದಳು.

ಮನೆಯಲ್ಲಿ ಪುಟ್ಟಿ ಬಿಸಿಲಿಗೆ ಕೂತು, ಕಾಲುಚೀಲ ಬಿಚ್ಚಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಿತು. ಕೆನ್ನೆ ಸವರಿಕೊಂಡಿತು. "ಉವ್ವಾ ಇಲ್ಲ," ಎಂದು ನಕ್ಕಿತು. ಸಿಡುಕಿ ಎತ್ತಿಕೊಳ್ಳಲು ಬಗ್ಗಿದಳು. ಮಗು ಅವಳ ಮುಖ ನೋಡಿ ಕಿರುಚಿ, ತೆವಳಿಕೊಂಡು ಹೋಗಿ ಅಜ್ಜಿಯ ಸೆರಗಿನೊಳಗೆ ತಲೆ ಹುದುಗಿಸಿತು. "ಅಮ್ಮ ಬೇಕು, ಅಮ್ಮ ಬೇಕು," ಎಂದು ಅಲ್ಲಿಂದಲೇ ಅತ್ತಿತು.

"ನಾನೇ ಕಣೇ ಪುಟ್ಟಿ," ಎಂದಳು ಸಿಡುಕಿ. ಎರಡು ಸಲ ಹೇಳಿದಳು. ಆಮೇಲೆ ದೂರ ಹೋಗಿ ಗೋಡೆಯ ಕಡೆ ತಿರುಗಿ ಕೂತಳು. ಕೈ ತಾನಾಗಿ ಮುಖಕ್ಕೆ ಹೋಯಿತು. ಉಗುರು ಕೆರೆಯತೊಡಗಿತು.

ಅಮ್ಮ ಮಗುವನ್ನು ಸಮಾಧಾನ ಮಾಡಿ ಮಲಗಿಸಿ ಬಂದಳು. ಕೈಯಲ್ಲಿ ತನ್ನದೇ ಒಂದು ಜೊತೆ ಉಣ್ಣೆಯ ಕಾಲುಚೀಲ. ಮಗಳ ಕೈಗಳನ್ನು ಮುಖದಿಂದ ಬಿಡಿಸಿ, ತನ್ನ ಮಡಿಲಿಗೆ ಎಳೆದುಕೊಂಡು, ಒಂದೊಂದಾಗಿ ಕಾಲುಚೀಲ ತೊಡಿಸಿದಳು. ಮಣಿಕಟ್ಟಿಗೆ ದಾರ ಸುತ್ತಿದಳು.

"ಬಿಗಿಯಾಯ್ತಾ?"

"ಆಗ್ಲಿ ಅಮ್ಮ. ಕಟ್ಟು."